ಒಬ್ಬ ತಮ್ಮ, ಮೂರು ಕೆಲಸ

ನನ್ನ ತಮ್ಮನಿಗೆ ನೋಡಿದ್ದ ಹುಡುಗಿಯ ಚಿಕ್ಕಮ್ಮ "ಇದನ್ನೆಲ್ಲ ಹೇಳಿದ್ದು ಯಾರು?" ಎಂದು ಕೇಳಿದಾಗ ನಾನು "ನಾನೇ" ಎನ್ನಬೇಕಿತ್ತು. ಎನ್ನಲಿಲ್ಲ. ಕಾಫಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅರ್ಧ ಕುಡಿದಿದ್ದವರ ಲೋಟವನ್ನೂ ಬಿಡಲಿಲ್ಲ.

ನನ್ನ ತಮ್ಮ ರೈಲಿನಲ್ಲಿ ಗಾರ್ಡು. ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ತೋರಿಸುತ್ತಾರಲ್ಲ, ಆ ಕೆಲಸ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಚಾಮರಾಜಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅವನಿಗೆ ಕೆಲಸ ಸಿಕ್ಕ ಸುದ್ದಿಯನ್ನು ಗಿರಾಕಿಯೊಬ್ಬರಿಗೆ ಸಂಭ್ರಮದಿಂದ ಹೇಳಿದೆ. ಅವರು, "ಗಾರ್ಡಾ? ನಮ್ಮ ಅಪಾರ್ಟ್‌ಮೆಂಟಲ್ಲೂ ಒಬ್ಬ ಇದಾನೆ ಪಾಪ, ಗೇಟಲ್ಲಿ ಕೂತ್ಕೊಂಡೇ ನಿದ್ದೆ ಮಾಡ್ತಾನೆ" ಎಂದರು. ಇಬ್ಬರಿಗೂ ಯೂನಿಫಾರಂ, ಇಬ್ಬರ ಹತ್ತಿರವೂ ಸೀಟಿ. ವ್ಯತ್ಯಾಸ ಏನೆಂದು ಬಿಡಿಸಿ ಹೇಳಲು ನನಗೇ ಗೊತ್ತಿರಲಿಲ್ಲ.

ಮುಂದಿನ ಗಿರಾಕಿ ಕೇಳಿದಾಗ "ಟಿಟಿ" ಎಂದುಬಿಟ್ಟೆ. ಕಪ್ಪು ಕೋಟು, ಟಿಕೆಟ್ ನೋಡುವ ಕೆಲಸ, ಎಲ್ಲರಿಗೂ ಗೊತ್ತಿರುವಂಥದ್ದು. ಗೌರವವೇನೋ ಬಂತು, ಬೆನ್ನಿಗೇ ವೇಟಿಂಗ್ ಲಿಸ್ಟ್ ಟಿಕೆಟ್ಟುಗಳೂ ಬಂದವು. ಅಳತೆ ಬ್ಲೌಸ್ ಕೊಡುವಾಗಲೇ "ನಿಮ್ಮ ತಮ್ಮಂಗೆ ಒಂದು ಮಾತು ಹೇಳಿ" ಎಂದು ಅದನ್ನೂ ಕೈಗಿಡುತ್ತಿದ್ದರು. ಕೆಲವು ತಾವಾಗಿಯೇ ಕನ್ಫರ್ಮ್ ಆದವು. ಅದರ ಕೀರ್ತಿ ನಾನು ಬೇಡವೆನ್ನಲಿಲ್ಲ. ಆಗದಿದ್ದಾಗ "ಆ ಗಾಡೀಲಿ ಬೇರೆ ಟಿಟಿ ಇದ್ದನಂತೆ" ಎನ್ನುತ್ತಿದ್ದೆ.

ಆಮೇಲೆ ರೈಲ್ವೆಯವರು ಗಾರ್ಡ್ ಎಂಬ ಹೆಸರನ್ನು ತೆಗೆದು ಟ್ರೈನ್ ಮ್ಯಾನೇಜರ್ ಎಂದು ಮಾಡಿದರು. ತಮ್ಮ ಊಟದ ಮಧ್ಯೆ ಇದನ್ನು ಹೇಳಿದಾಗ ನನಗೆ ಸೌಟು ಹಿಡಿದಿದ್ದೇ ಮರೆತುಹೋಯಿತು.

"ಮ್ಯಾನೇಜರಾ! ಪ್ರಮೋಷನ್ ಅಂತ ಬಂದ ತಕ್ಷಣ ಹೇಳ್ಬಾರ್ದಾ?"

"ಪ್ರಮೋಷನ್ ಅಲ್ಲ ಅಕ್ಕ. ಹೆಸರು ಮಾತ್ರ ಬೇರೆ. ಡಬ್ಬಿ ಅದೇ, ಬಾವುಟ ಅದೇ."

"ಹಂಗಾದ್ರೆ ಡ್ರೈವರ್‌ಗೆ ಏನಂತಾರೆ?"

"ಲೋಕೋ ಪೈಲಟ್."

"ಪೈಲಟ್ಟಾ? ಅದನ್ನೇ ತಗೋಬಾರ್ದಿತ್ತೇನೋ!"

"ಅದೇನು ಬಸ್ ಸೀಟಾ, ಟವೆಲ್ ಹಾಕಿ ಹಿಡಿಯೋಕೆ? ನಾನು ಹಸಿರು ತೋರಿಸ್ದೇ ಇದ್ರೆ ಆ ಪೈಲಟ್ಟೂ ಗಾಡಿ ಬಿಡೋ ಹಾಗಿಲ್ಲ, ಗೊತ್ತಾ? ಗಾಡಿ ಮಧ್ಯದಲ್ಲಿ ಎಲ್ಲಾದ್ರೂ ನಿಂತ್ರೆ..."

ನಿಂತರೆ ಏನು ಮಾಡುತ್ತಾನೆಂದು ಅವನು ಹೇಳುತ್ತಲೇ ಇದ್ದ. ನಾನು ಬೀದಿಗೆಲ್ಲ ಎಷ್ಟು ಮೈಸೂರು ಪಾಕ್ ಬೇಕಾಗಬಹುದೆಂದು ಲೆಕ್ಕ ಹಾಕುತ್ತಿದ್ದೆ. ಮರುದಿನ ಹಂಚಿಯೂ ಬಿಟ್ಟೆ. ಆದರೆ ಬೀದಿಯ ಕೊನೆಯ ಮನೆಯವರು ಊರಿಗೆ ಹೋಗಿದ್ದರಿಂದ ಅವರ ಪಾಲಿಗೆ ತಮ್ಮ ಟಿಟಿಯಾಗಿಯೇ ಉಳಿದ.

ಬ್ರೋಕರ್ ಮೂಲಕ ಮಲ್ಲೇಶ್ವರದ ಸಂಬಂಧ ಬಂದದ್ದು ಆಗಲೇ. ನಾವು ಹೋಗಿ ಹುಡುಗಿಯನ್ನು ನೋಡಿ ಬಂದೆವು. ವಾಪಸ್ಸು ಬರುವಾಗ ತಮ್ಮ ಆಟೋದವನ ಹತ್ತಿರ ಚೌಕಾಸಿಯನ್ನೇ ಮಾಡಲಿಲ್ಲ; ಹುಡುಗಿ ಮೆಚ್ಚುಗೆಯಾಗಿದ್ದಾಳೆಂದು ನನಗೆ ಅಲ್ಲೇ ಗೊತ್ತಾಯಿತು. ಮುಂದಿನ ವಾರ ಅವಳನ್ನು ಸಾಕಿದ ಚಿಕ್ಕಮ್ಮ ನಮ್ಮ ಮನೆ ನೋಡಲು ಬಂದರು. ಬರುವ ದಾರಿಯಲ್ಲೇ ಬೀದಿಯಲ್ಲಿ ವಿಚಾರಿಸಿಕೊಂಡು ಬಂದಿದ್ದರು.

"ಬ್ರೋಕರ್ ಮ್ಯಾನೇಜರ್ ಅಂದ್ರು. ಕೊನೆ ಮನೆಯವರು ಟಿಟಿ ಅಂದ್ರು. ನೀವೇ ಹೇಳ್ಬಿಡಿ" ಎಂದು ತಮ್ಮನನ್ನು ಕೇಳಿದರು.

ಅವನು ಬಾಯಿಗೆ ರೂಢಿಯಾದಂತೆ "ಗಾರ್ಡು" ಎಂದ.

"ಏನ್ರೀ ಇದು, ನಾವು ನೋಡ್ತಿರೋದು ಒಬ್ಬ ಹುಡುಗನ್ನೋ ಮೂವರನ್ನೋ? ಮ್ಯಾನೇಜರ್ ಆಗಿದ್ದೋರನ್ನ ಕೆಳಗಿಳಿಸಿದ್ರಾ? ಇದನ್ನೆಲ್ಲ ಹೇಳಿದ್ದು ಯಾರು?"

ನಾನು ಲೋಟ ಎತ್ತಿಕೊಂಡು ಒಳಗೆ ಹೋದದ್ದು ಆಗ. ತಮ್ಮನ ದನಿ ಕೇಳಿಸಿತು: "ನಾನೇ ಎಲ್ಲೋ ತಮಾಷೆಗೆ ಹೇಳಿರ್ಬೇಕು." ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ.

"ಕೆಲಸದ ವಿಷಯದಲ್ಲೇ ತಮಾಷೆ ಮಾಡೋ ಹುಡುಗ ಬೇಡ" ಎಂದು ಸಂಜೆಯೇ ಬ್ರೋಕರ್ ಮೂಲಕ ಹೇಳಿ ಕಳಿಸಿದರು.

ತಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಡ್ಯೂಟಿಗೆ ಹೋದ, ಬಂದ. ಸಾರಿಗೆ ಉಪ್ಪು ಹಾಕಲು ಮರೆತ ದಿನವೂ ಸುಮ್ಮನೆ ಉಂಡು ಎದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗಿರಾಕಿಯ ರೇಷ್ಮೆ ಬ್ಲೌಸಿಗೆ ಎರಡು ತೋಳೂ ಎಡಗೈಯದೇ ಇಟ್ಟು ಹೊಲಿದ ದಿನ, ಮೆಷಿನ್ನಿಗೆ ಬಟ್ಟೆ ಮುಚ್ಚಿ ಮಲ್ಲೇಶ್ವರದ ಬಸ್ಸು ಹತ್ತಿದೆ.

ಬಾಗಿಲು ತೆಗೆದವಳು ಹುಡುಗಿಯೇ. ಕೂರುವ ಮೊದಲೇ ಇಬ್ಬರಿಗೂ ಎಲ್ಲವನ್ನೂ ಹೇಳಿಬಿಟ್ಟೆ.

"ಹಂಗಾದ್ರೆ ಗಾರ್ಡೂ ಮ್ಯಾನೇಜರೂ ಒಂದೇನಾ? ಅಂದ್ರೆ ಬ್ರೋಕರ್ ನಿಜ ಹೇಳಿದ್ದ! ಇಂಥದ್ದು ನಾನು ಎಲ್ಲೂ ಕೇಳಿಲ್ಲ ಬಿಡಿ" ಎಂದು ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಹುಡುಗಿ ನಗಲಿಲ್ಲ. "ಅವ್ರು ಸುಳ್ಳು ಹೇಳೋರ ಥರ ಕಾಣಲ್ಲ ಅಂತ ನಾನು ಅವತ್ತೇ ಹೇಳಿದ್ದೆ. ನಮ್ಗೆ ಹೇಳಿದ್ರಿ, ಸರಿ. ಅವ್ರಿಗೆ ಹೇಳಿದೀರಾ?"

ಇಲ್ಲವೆಂದು ತಲೆಯಾಡಿಸಿದೆ.

"ಮೊದ್ಲು ಅವ್ರಿಗೆ ಹೇಳಿ. ಆಮೇಲೆ ಭಾನುವಾರ ಅವ್ರನ್ನ ಇಲ್ಲಿಗೆ ಕಳ್ಸಿ."

ಮನೆಗೆ ಬಂದಾಗ ತಮ್ಮ ತನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

"ಎಲ್ಲಿಗೆ ಹೋಗಿದ್ದೆ?"

"ಮಲ್ಲೇಶ್ವರಕ್ಕೆ. ಅವ್ರ ಮನೆಗೆ."

ಅವನು ಹಾಗೇ ನಿಂತುಬಿಟ್ಟ. "ಅಂಗಿ ಸುಡುತ್ತೆ, ಪೆಟ್ಟಿಗೆ ಎತ್ತೋ" ಎಂದೆ. ಎತ್ತಿದ. ಇನ್ನು ತಪ್ಪಿಸಿಕೊಳ್ಳಲು ನನಗೆ ಬೇರೆ ಮಾತು ಉಳಿದಿರಲಿಲ್ಲ.

"ತಪ್ಪಾಯ್ತು ಕಣೋ. ನನ್ನ ತಮ್ಮ ಗಾರ್ಡ್ ಅಂತ ಹೇಳ್ಕೊಳ್ಳೋಕೆ ನಾನು ನಾಚಿಕೆ ಪಟ್ಟೆ. ಏನು ಕೆಲಸ ಮಾಡ್ತೀಯಾ ಅಂತ ಒಂದಿನಾನೂ ಕೂತು ಕೇಳ್ಲಿಲ್ಲ. ಅವತ್ತು ನನ್ನ ತಪ್ಪನ್ನ ನೀನು ಮೈಮೇಲೆ ಹಾಕ್ಕೊಂಡಾಗ್ಲೂ ಬಾಯಿ ಮುಚ್ಕೊಂಡು ಒಳಗೇ ನಿಂತಿದ್ದೆ. ಕ್ಷಮಿಸ್ಬಿಡೋ."