ತಿದ್ದಿದ ಮೇಲೆ ಇಟ್ಟ ಚುಕ್ಕಿಗಳು

ಮರಾಠಿ ನಾಡಿನ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದುವ ಕೆಲಸ ಹಲವು ವರ್ಷಗಳಿಂದ ನನ್ನದೇ. ಬ್ಯಾಂಕಿನಿಂದ ನಿವೃತ್ತನಾದ ಮೇಲಂತೂ ಕೆಂಪು ಪೆನ್ನು ಜೇಬು ಬಿಟ್ಟು ಇಳಿದಿಲ್ಲ. ತಪ್ಪು ಕಂಡರೆ ಮೈಯೆಲ್ಲ ಉರಿಯುವ ಜಾತಿ ನನ್ನದು. ನೆಂಟರ ಮದುವೆಯ ಕರೆಯೋಲೆಯನ್ನೂ ತಿದ್ದಿ ವಾಪಸು ಕೊಟ್ಟು ಬೈಸಿಕೊಂಡಿದ್ದೇನೆ.

ಈಚೆಗೆ ಇಂಗ್ಲಿಷಿನ ಒಂದು ಪದ ಕಣ್ಣಿಗೆ ಬಿತ್ತು: ಸಾಲಿಸಿಸಮ್. ವ್ಯಾಕರಣದ ತಪ್ಪಿಗೆ ಅವರು ಇಟ್ಟ ಹೆಸರು. ನಿಘಂಟು ತೆಗೆದು ನೋಡಿದರೆ ಅದರ ಮೂಲ ಸೊಲೊಯ್ ಎಂಬ ಊರು. ಹಿಂದೆ ಗ್ರೀಕರು ಕಡಲು ದಾಟಿ ಅಲ್ಲಿ ನೆಲೆಸಿದರಂತೆ. ಸುತ್ತಲಿನವರ ಮಾತು ಬೆರೆತು ಅವರ ಗ್ರೀಕ್ ಬದಲಾಯಿತಂತೆ. ಅಥೆನ್ಸಿನವರು ಕೇಳಿ ನಕ್ಕು, ತಪ್ಪು ಮಾತಿಗೆಲ್ಲ ಆ ಊರಿನ ಹೆಸರನ್ನೇ ಅಂಟಿಸಿಬಿಟ್ಟರು. ನಮ್ಮ ಡೊಂಬಿವಲಿಯ ಹೆಸರಲ್ಲೂ ಅಂಥದ್ದೊಂದು ಪದ ಆಗಬೇಕೆಂದು ಹೆಂಡತಿಗೆ ಹೇಳಿ ನಕ್ಕೆ. "ಆ ಊರಲ್ಲಿ ನಿಮ್ಮಂಥೋರು ಇರಲಿಲ್ಲ ಕಾಣುತ್ತೆ, ಪುಣ್ಯವಂತರು" ಎಂದಳು ಅವಳು.

ಅದೇ ವಾರ ಇದೇ ಕಡೆಯ ಕಾಮೋಠೆಯಿಂದ ಒಂದು ಬರಹ ಬಂತು. ಬರೆದವರು ವಿಜಾಪುರ ಕಡೆಯ ಹೆಂಗಸು, ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡವರು. ಗಂಡ ಉಡುಪಿಯವರು, ಸಾನಪಾಡಾದ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಅವರ ತುಳು ಈಕೆಗೆ ಬಾರದು, ಈಕೆಯ ವಿಜಾಪುರದ ಮಾತು ಅವರಿಗೆ ಅರ್ಧ ತಿಳಿಯದು. ಮರಾಠಿ, ಹಿಂದಿ ಎಲ್ಲ ಸೇರಿಸಿ ಇಬ್ಬರೂ ತಮ್ಮದೇ ಒಂದು ಕನ್ನಡ ಕಟ್ಟಿಕೊಂಡು ಇಪ್ಪತ್ತು ವರ್ಷ ಸಂಸಾರ ಮಾಡಿದ್ದರು. ಬರಹದ ತುಂಬ ಅದೇ ಕನ್ನಡ. ಗಂಡ ದಿನಾ ಸ್ಟೇಷನ್ನಿನಿಂದ ಫೋನಿನಲ್ಲಿ ಹೇಳುತ್ತಿದ್ದ ಮಾತೂ ಇತ್ತು: "ಟೆನ್ಶನ್ ತೆಕ್ಕೊಳ್ಬೇಡ ಮಾರಾಯ್ತಿ, ಗಾಡಿ ಲೇಟ್ ಉಂಟು." ನಾನು ಅದನ್ನು "ಚಿಂತಿಸಬೇಡ ಪ್ರಿಯೆ, ರೈಲು ತಡವಾಗಿದೆ" ಎಂದು ತಿದ್ದಿದೆ. ತಿದ್ದಿ ಬೆನ್ನನ್ನೂ ತಟ್ಟಿಕೊಂಡೆ.

ಅಚ್ಚಿಗೆ ಹೋಗುವ ಮೊದಲು ಬರೆದವರು ಕರಡು ನೋಡಬೇಕೆಂಬುದು ನಮ್ಮ ಸಂಘದ ಪದ್ಧತಿ. ಮಧ್ಯಾಹ್ನ ಪುಟಗಳು ಪ್ರೆಸ್ಸಿಗೆ ಹೋಗಬೇಕಿತ್ತು. ಬೆಳಿಗ್ಗೆಯೇ ಅವರು ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ಸಂಘಕ್ಕೆ ಬಂದರು. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ, ಉತ್ತರವೆಲ್ಲ ಹಿಂದಿಯಲ್ಲೇ. ಅಪ್ಪನ ದನಿ ಎಲ್ಲಿಯೂ ರೆಕಾರ್ಡ್ ಆಗಿರಲಿಲ್ಲವಂತೆ. ಅವರ ಮಾತು ಕಾಗದದ ಮೇಲಾದರೂ ಉಳಿಯಲಿ ಎಂದು ಹಟ ಹಿಡಿದು ಅಮ್ಮನಿಂದ ಬರೆಯಿಸಿದವಳು ಅವಳೇ.

ತಿದ್ದಿದ ಕರಡನ್ನು ನಾನು ಗತ್ತಿನಿಂದ ಗಟ್ಟಿಯಾಗಿ ಓದಿದೆ. 'ಪ್ರಿಯೆ' ಬರುತ್ತಿದ್ದಂತೆ ಹುಡುಗಿ ತಲೆಯೆತ್ತಿ, "ಮಮ್ಮಿ, ಯೇ ಕೌನ್ ಬೋಲ್ ರಹಾ ಹೈ?" ಎಂದಳು, ಇದು ಯಾರು ಮಾತಾಡುತ್ತಿರುವುದು ಎಂದು.

ತಾಯಿ ನನ್ನ ಕಡೆ ತಿರುಗಿ, "ಸರ್, ಭಾಳ ಚಂದ ತಿದ್ದೀರಿ. ಆದ್ರ ಇದ್ರಾಗ ನಮ್ಮ ಮನಿಯವ್ರು ಇಲ್ರಿ" ಎಂದರು.

ಸಿಟ್ಟು ಮಾಡಿಕೊಂಡು ಹೇಳಿದ್ದರೆ ನಾನೂ ವಾದ ಮಾಡುತ್ತಿದ್ದೆ. ಅವರು ನನ್ನ ಮನಸ್ಸು ನೋಯದಂತೆ ಹೇಳಿದರು. ಎರಡು ಮಾತುಗಳ ನಡುವೆ ಮೂರನೆಯದನ್ನು ಕಟ್ಟಿ ಅದರಲ್ಲಿ ಮನೆ ನಡೆಸಿದ ಹೆಂಗಸು ಅವರು. ಅವರ ಮುಂದೆ ನನ್ನ ಪಾಂಡಿತ್ಯಕ್ಕೆ ನಾಚಿಕೆಯಾಯಿತು. ಸೊಲೊಯ್ ಊರಿನವರನ್ನು ನೋಡಿ ನಕ್ಕವರ ಸಾಲಿನಲ್ಲಿ ನಾನೂ ನಿಂತಿದ್ದೆ.

ಕರಡು ತಿದ್ದುವವರಲ್ಲಿ ಒಂದು ರೂಢಿಯಿದೆ. ತಪ್ಪಾಗಿ ಹೊಡೆದುಹಾಕಿದ ಪದದ ಕೆಳಗೆ ಚುಕ್ಕಿಗಳನ್ನಿಟ್ಟರೆ ಮೂಲದಲ್ಲಿದ್ದಂತೆಯೇ ಇರಲಿ ಎಂದರ್ಥ. ಇಷ್ಟು ವರ್ಷ ನಾನು ಅಂಥ ಚುಕ್ಕಿ ಇಟ್ಟದ್ದು ಬಲು ಅಪರೂಪ. ಆವತ್ತು ಮೊದಲಿನಿಂದ ಇಡುತ್ತಾ ಬಂದೆ. ಏನು ಮಾಡುತ್ತಿದ್ದೀರೆಂದು ಹುಡುಗಿ ಹಿಂದಿಯಲ್ಲಿ ಕೇಳಿದಳು, ವಿವರಿಸಿದೆ.

ಅವಳು ಕುರ್ಚಿ ಹತ್ತಿರಕ್ಕೆಳೆದು ನನ್ನ ಪೆನ್ನನ್ನೇ ನೋಡುತ್ತಾ ಕೂತಳು. ಆಮೇಲೆ ಮೊದಲ ಸಲ ಕನ್ನಡದಲ್ಲಿ, ತಡವರಿಸುತ್ತಾ ಹೇಳಿದಳು: "ಅಂಕಲ್, ಪಪ್ಪ ಮಾತು ಎಲ್ಲಾಕ್ಕೂ ಡಾಟ್ ಹಾಕು."

ಒಂದೂ ಬಿಡದೆ ಹಾಕಿದೆ.