ಟೈಪಿಸ್ಟ್ ಶಿವಲಿಂಗಪ್ಪನವರ ಕಂಪ್ಯೂಟರ್ ಪರೀಕ್ಷೆ

ಶಿವಲಿಂಗಪ್ಪನವರು ಕೀಲಿಮಣೆಯನ್ನು ಬಡಿಯಲಾರಂಭಿಸಿದರೆ, ಪಕ್ಕದ ಮೇಜಿನ ಮೇಲಿದ್ದ ನನ್ನ ಕನ್ನಡಕದ ಡಬ್ಬಿ ನಡುಗುತ್ತಿತ್ತು. ಶಾಲೆಯ ಕೆಲಸ ಬಿಟ್ಟ ಮೇಲೆ ನಾನೂ ಇಂಡಿ ಪಟ್ಟಣದ ಆ ಚಿಕ್ಕ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿದ್ದೆ.

ಅವರು ಕೋರ್ಟಿನ ಎದುರು ಟೈಪ್‌ರೈಟರ್ ಇಟ್ಟುಕೊಂಡು, ಅರ್ಜಿ, ಕರಾರುಪತ್ರಗಳನ್ನು ಹೊಡೆದುಕೊಟ್ಟು ಬದುಕಿದವರು. ಒಂದಕ್ಷರ ತಪ್ಪಿದರೂ ಹಾಳೆಯನ್ನು ಹರಿದೆಸೆದು ಮೊದಲಿನಿಂದ ಹೊಡೆಯುವುದು ಅವರ ಪದ್ಧತಿ. "ತಿದ್ದಿದ ಕಾಗದಕ್ಕ ಕಿಮ್ಮತ್ತಿಲ್ರಿ ಮಾಸ್ತರ್ರ. ನಾಳಿ ವಕೀಲ ಅದರ ಮ್ಯಾಲೇ ಬೆರಳ ಇಡ್ತಾನ" ಎನ್ನುತ್ತಿದ್ದರು. ಟೈಪ್‌ರೈಟರಿಗೆ ಗಿರಾಕಿಗಳಿಲ್ಲದಂತಾದಾಗ, ಸಹಕಾರಿ ಸಂಘವೊಂದು ಅವರಿಗೆ ಕೆಲಸ ಕೊಡಲು ಒಪ್ಪಿತು. ಆದರೆ ತಿಂಗಳೊಳಗೆ ಕಂಪ್ಯೂಟರ್ ಪ್ರಮಾಣಪತ್ರ ತರಬೇಕಿತ್ತು. ತರದಿದ್ದರೆ ಊರು ಬಿಡುವುದೊಂದೇ ಉಳಿದಿತ್ತು.

ಇ-ಮೇಲ್, ಅಂತರಜಾಲದ ಹುಡುಕಾಟ ಎಲ್ಲವನ್ನೂ ಅವರು ಬೇಗನೆ ಕಲಿತರು. ಆದರೆ ತಪ್ಪು ಕಂಡೊಡನೆ ಬರೆದುದೆಲ್ಲವನ್ನೂ ಅಳಿಸಿ ಮತ್ತೆ ಆರಂಭಿಸುವುದನ್ನು ಬಿಡಲಾಗಲಿಲ್ಲ.

"ಕಾಕಾ, ಆ ಒಂದ ಅಕ್ಷರ ಅಷ್ಟ ಅಳಸ್ರಿ. ಯಾರಿಗೂ ಗೊತ್ತಾಗೂದಿಲ್ಲ" ಎಂದು ಕಲಿಸುವ ಸವಿತಾ ಗದರಿಸುತ್ತಿದ್ದಳು.

"ನನಗ ಗೊತ್ತಿರ್ತೈತಲ್ಲವಾ."

"ಹಂಗಾದ್ರ ಮುಗಸೂದು ಯಾವಾಗ್ರಿ, ಮೊಮ್ಮಕ್ಕಳ ಲಗ್ನದಾಗೇನು?"

ಎಲ್ಲರೊಡನೆ ಅವರೂ ನಗುತ್ತಿದ್ದರು.

ಪರೀಕ್ಷೆಯಲ್ಲಿ ಪತ್ರವೊಂದನ್ನು ಬರೆದು ಇ-ಮೇಲ್ ಮೂಲಕ ಕಳುಹಿಸಬೇಕಿತ್ತು. ಅವರ ಪತ್ರ ನನ್ನದಕ್ಕಿಂತ ಮೊದಲೇ ಮುಗಿಯಿತು. ಕಳುಹಿಸುವ ಮುನ್ನ ಓದಿ ನೋಡಿದರು. ಎಲ್ಲೋ ಒಂದು ಕಡೆ ಕಣ್ಣು ನಿಂತಿತು. ಮರುಕ್ಷಣವೇ ಪರದೆ ಬೆಳ್ಳಗಾಯಿತು. ಮತ್ತೆ ಬಡಿತ ಕೇಳಿಸತೊಡಗಿತು. ಅರ್ಧ ಪತ್ರವಾಗುವಷ್ಟರಲ್ಲಿ ಸಮಯ ಮುಗಿದು, ಪರದೆ ತಾನಾಗಿಯೇ ಮುಚ್ಚಿಕೊಂಡಿತು. ಅವರ ಬೆರಳುಗಳು ಮಾತ್ರ ಇನ್ನೂ ಓಡುತ್ತಿದ್ದವು.

ಮರುಪರೀಕ್ಷೆಯವರೆಗೆ ಸಂಘದವರು ಕಾಯಲಿಲ್ಲ, ಬೇರೊಬ್ಬರನ್ನು ತೆಗೆದುಕೊಂಡರು.

ಶಿವಲಿಂಗಪ್ಪನವರನ್ನು ನಾನು ಕೊನೆಯ ಬಾರಿ ಕಂಡದ್ದು ಬಸ್ ನಿಲ್ದಾಣದಲ್ಲಿ. ಅವರ ಪತ್ನಿ ಕಸ್ತೂರಿಬಾಯಿ ಟ್ರಂಕಿನ ಮೇಲೆ ಕುಳಿತಿದ್ದರು.

"ಸೋಲಾಪುರದಾಗ ಗಿರಣಿ ಕಾಯೂ ಕೆಲಸ ಸಿಕ್ಕೈತ್ರಿ. ಅಲ್ಲಿ ಸರ್ಟಿಫಿಕೇಟ್ ಕೇಳೂದಿಲ್ಲ" ಎಂದರು ಶಿವಲಿಂಗಪ್ಪನವರು.

"ಮರುಪರೀಕ್ಷೆಗೆ ಒಂದಿನ ಬಂದು ಹೋಗ್ರಿ" ಎಂದೆ.

ಉತ್ತರ ಕೊಟ್ಟವರು ಕಸ್ತೂರಿಬಾಯಿ. "ಕರೀಬ್ಯಾಡ್ರಿ ಮಾಸ್ತರ್ರ. ನಿದ್ದಿಯೊಳಗೂ ಇವರ ಬೆರಳ ಹಾಸಿಗಿ ಬಡಿತಾವ. ನಾ ಅವನ್ನ ಹಿಡಕೊಂಡ ಮಲಗ್ತೇನಿ."

ಶಿವಲಿಂಗಪ್ಪನವರು ಎರಡೂ ಕೈಗಳನ್ನು ಜುಬ್ಬಾದ ಕಿಸೆಗಳೊಳಗೆ ಇಳಿಸಿಕೊಂಡರು. ಬಸ್ಸು ಬಂದಾಗಲೂ ಹೊರಗೆ ತೆಗೆಯಲಿಲ್ಲ. ಟ್ರಂಕನ್ನು ನಾನೇ ಎತ್ತಿ ಒಳಗಿಟ್ಟೆ.