ನಳದ ಕೆಳಗಿನ ಬಿಲ್ಲು

ಅಪ್ಪನ ತಮ್ಮ, ನಮ್ಮ ಕಾಕಾ, ಮುಧೋಳದಲ್ಲಿದ್ದಾರೆ. ಅವರ ಮನೆಯಲ್ಲಿ ಅವರ ಅಜ್ಜ ಕೈಯಾರೆ ಮಾಡಿದ ಒಂದು ಕೊಂಬಿನ ಬಿಲ್ಲಿದೆ. ಒಳಗಡೆ ಎಮ್ಮೆಯ ಕೊಂಬು, ಬೆನ್ನಿನ ಕಡೆ ಪ್ರಾಣಿಯ ನರ, ನಡುವೆ ಕಟ್ಟಿಗೆ. ಮೂರನ್ನೂ ಹಿಡಿದಿರುವುದು ಚರ್ಮ ಕುದಿಸಿ ಮಾಡಿದ ಅಂಟು. ಹೆದೆ ಬಿಚ್ಚಿದಾಗ ಅದು ಹಿಂದುಮುಂದಾಗಿ ಬಾಗಿಕೊಂಡು ಕುಡುಗೋಲಿನಂತೆ ಕಾಣುತ್ತದೆ. ವಿಜಯದಶಮಿಯ ಬನ್ನಿ ಹಬ್ಬದ ದಿನ ಮಾತ್ರ ಅದಕ್ಕೆ ಹೆದೆ ಏರಿಸುವುದು. ಕಾಕಾ ಬಗ್ಗಿಸಬೇಕು, ನಾನು ಹೆದೆಯ ಕುಣಿಕೆಯನ್ನು ತುದಿಗೆ ತೊಡಿಸಬೇಕು. ಜಮಖಂಡಿಯಿಂದ ನಾನು ಹಬ್ಬಕ್ಕೆ ಹೋಗುವುದೇ ಅದಕ್ಕಾಗಿ.

ಈ ಸಲ ಬನ್ನಿಯ ಹಿಂದಿನ ದಿನ, ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ಮುಂಜಾನೆ, ಕಾಕಾ ಹೂ ತರಲು ಬಜಾರಕ್ಕೆ ಹೋಗಿದ್ದರು. ಅವರ ಹೆಂಡತಿ, ನಮ್ಮ ಕಾಕು, ಹಿತ್ತಲಲ್ಲಿ ಪೂಜೆಗೆ ಇಡುವ ಕುಡುಗೋಲು, ಕೊಡಲಿ, ಈಳಿಗೆ ತೊಳೆಯುತ್ತಿದ್ದರು. ನಾನು ಹೋಗುವಷ್ಟರಲ್ಲಿ ನಳದ ಕೆಳಗೆ ಬಿಲ್ಲಿತ್ತು.

“ವರ್ಷದ ಧೂಳ ನೋಡವ್ವಾ! ನಿಮ್ಮ ಕಾಕಾಗ ಎಣ್ಣಿ ಸವರೂದು ಗೊತ್ತೈತಿ, ತೊಳೆಯೂದು ಗೊತ್ತಿಲ್ಲ,” ಅಂದರು.

ಆ ಅಂಟಿಗೆ ನೀರು ಆಗದು ಎಂದು ಕಾಕಾ ಪ್ರತಿ ವರ್ಷ ನನಗೆ ಹೇಳುತ್ತಿದ್ದರು. ನಾನು ನಳ ಬಂದ್ ಮಾಡಿದೆ. ಬಿಲ್ಲನ್ನು ಸೆರಗಿನಿಂದ ಒರೆಸಿ ದೇವರ ಜಗಲಿಯ ಮೇಲಿಟ್ಟೆ. ಕಾಕಾಗೆ ಹೇಳಿ, ಉಪವಾಸವಿದ್ದ ಕಾಕುಗೆ ಹಬ್ಬದ ದಿನ ಬೈಸುವುದೇಕೆ ಎಂದುಕೊಂಡೆ. ನಾಳೆಯೊಳಗೆ ಒಣಗುತ್ತದೆ ಎಂದೂ ಅಂದುಕೊಂಡೆ.

ಮರುದಿನ ಮಧ್ಯಾಹ್ನ ಕಾಕಾ ಬಿಲ್ಲನ್ನು ಕೆಂಡಕ್ಕೆ ದೂರದಿಂದ ಹಿಡಿದು ಬೆಚ್ಚಗೆ ಮಾಡಿದರು. ಪಡಸಾಲೆಯಲ್ಲಿ ಕುಳಿತು, ಹಿಡಿಗೆ ಮೊಣಕಾಲು ಕೊಟ್ಟು, ಎರಡೂ ತುದಿ ಎಳೆದರು. ಬನ್ನಿ ಮುಡಿಯಲು ಹೊರಟ ಓಣಿಯವರು ಬಾಗಿಲಲ್ಲಿ ನಿಂತಿದ್ದರು. ನಾನು ಕುಣಿಕೆ ಹಿಡಿದು ಬಗ್ಗಿದೆ. ಎಡಗಡೆಯ ತುದಿ ನಿಧಾನವಾಗಿ ಪಕ್ಕಕ್ಕೆ ಹೊರಳತೊಡಗಿತು. ಆಗಲಾದರೂ ಬಿಡಿ ಎನ್ನಬಹುದಿತ್ತು, ಬಾಯಿಯನ್ನೂ ತೆರೆದಿದ್ದೆ. ಹಸಿ ಕಟ್ಟಿಗೆಯಿಂದ ತೊಗಟೆ ಕಿತ್ತಂಥ ಸದ್ದು ಬಂತು. ಕೊಂಬು ಕಟ್ಟಿಗೆ ಬಿಟ್ಟು ಗೇಣುದ್ದ ಎದ್ದು ನಿಂತಿತ್ತು.

“ವಯಸ್ಸಾತ್ರಿ, ಸಾಕ ಮಾಡ್ರಿ ಇನ್ನ,” ಎಂದು ಕಾಕು ನಕ್ಕರು. “ಕಟಕ ರೊಟ್ಟಿ ಮುರಿಯಾಕ ಆಗವಲ್ದು, ಬಿಲ್ಲ ಬಗ್ಗಸತಾರಂತ!”

ಬಾಗಿಲಲ್ಲಿದ್ದವರೂ ನಕ್ಕರು.

“ಖರೆ. ಕೈ ಸೋತಾವು. ಇನ್ನ ಇದನ್ನ ಮುಟ್ಟೂದಿಲ್ಲ,” ಅಂದರು ಕಾಕಾ.

ಎಲ್ಲರೂ ಬನ್ನಿಗೆ ಹೋದರು. ಕಾಕಾ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅವರು ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡುತ್ತಿದ್ದರು.

“ನಿಮ್ಮ ಕೈ ಅಲ್ರಿ ಕಾಕಾ. ನಿನ್ನಿ ಬಿಲ್ಲಿಗೆ ನೀರ ಬಿದ್ದಿತ್ತು. ನಾ ನೋಡೇನಿ.”

ಅವರು ಬಿರುಕಿನೊಳಗೆ ಹೆಬ್ಬೆರಳಿಟ್ಟರು. ಮೆತ್ತಗಾದ ಅಂಟು ಬೆರಳಿಗೆ ಹತ್ತಿ ಬಂತು. ಯಾರು ನೀರು ಹಾಕಿದ್ದು ಎಂದು ಕೇಳಲಿಲ್ಲ.

“ನೋಡಿದಾಕಿ ಕುಣಿಕಿ ಹಿಡಕೊಂಡ ಹೆಂಗ ನಿಂತಿ?”

ನಾನು ಕೆಳಗೆ ಬಿದ್ದಿದ್ದ ಹೆದೆಯನ್ನು ಎತ್ತಿ ಸುತ್ತತೊಡಗಿದೆ.

“ನೀರಿನ ಮಾತ ನಿಮ್ಮ ಕಾಕುಗ ಹೇಳಬ್ಯಾಡ. ದಾರ ತಾ,” ಅಂದರು ಕಾಕಾ. ಎದ್ದ ಕೊಂಬನ್ನು ಒತ್ತಿಟ್ಟು ಅವರು ದಾರ ಸುತ್ತಿದರು. ಒಂದೊಂದು ಸುತ್ತನ್ನೂ ಬಿಗಿಯಾಗಿ ಎಳೆದರು. ನಾನು ತುದಿ ಹಿಡಿದಿದ್ದೆ. ಹೊಸ ಅಂಟು ಹಾಕಿ ಒಂದು ಬೇಸಿಗೆ ದಾಟಿಸಬೇಕಂತೆ. ಹೆದೆ ತಡೆಯುತ್ತದೋ ಇಲ್ಲವೋ ಆಮೇಲೆ ತಿಳಿಯುವುದು.

ಈಗ ಅವರ ಮನೆಗೆ ಹೋಗಿ ಬಿಲ್ಲಿನ ಕಡೆ ಕೈ ಚಾಚಿದರೆ ಕಾಕಾ ಕೇಳುತ್ತಾರೆ: “ಕೈ ಒಣಗ್ಯಾವೇನು?”

“ಅಕಿ ಏನ ಸಣ್ಣ ಹುಡುಗೇನ್ರಿ?” ಎಂದು ಕಾಕು ಒಳಗಿನಿಂದ ಗದರುತ್ತಾರೆ.

ನಾನು ಒಣಗಿದ ಕೈಯನ್ನೇ ಮತ್ತೊಮ್ಮೆ ಸೆರಗಿಗೆ ಒರೆಸಿಕೊಳ್ಳುತ್ತೇನೆ.